ಬೊಟ್ಟಿಲ್ಲದ ಕಾಯಿ

ನನ್ನ ಷಡ್ಡಕ ಕುರ್ಚಿಯ ಮೇಲೆ ಕುಕ್ಕರಗಾಲಲ್ಲಿ ಕೂತು ಕಂಪ್ಯೂಟರ್ ಕೆಲಸ ಮಾಡುತ್ತಿದ್ದ. ಪಂಚೆಯನ್ನು ಮೊಣಕಾಲಿನ ಮೇಲಕ್ಕೆ ಎತ್ತಿಕಟ್ಟಿ, ಕಾಲಿನ ಹೆಬ್ಬೆರಳುಗಳಲ್ಲಿ ಕುರ್ಚಿಯ ಅಂಚನ್ನು ಹುಂಜದ ಹಾಗೆ ಹಿಡಿದು, ಎರಡೇ ಎರಡು ತೋರುಬೆರಳುಗಳಿಂದ ಕೀಲಿಗಳನ್ನು ಕುಟ್ಟುತ್ತಿದ್ದ. ನಾನೋ ಸೀನಿಯರ್ ಟೈಪಿಂಗ್ ಪಾಸಾದವನು. ಕೀಲಿಗಳನ್ನು ನೋಡದೆ ಹತ್ತೂ ಬೆರಳಲ್ಲಿ ಹೊಡೆಯಬಲ್ಲವನು. ಆದರೆ ಅವನ ಎರಡು ಬೆರಳಿಂದ ಬಂದದ್ದು ನನ್ನ ಹತ್ತು ಬೆರಳಿಂದ ಬರಲಿಲ್ಲ. ಸುಳ್ಳೇಕೆ ಹೇಳಲಿ, ಇದನ್ನು ಬರೆಯುವಾಗಲೂ ಹೊಟ್ಟೆ ಉರಿಯುತ್ತಿದೆ.

ನಾನು ಮಾವನ ಮನೆಯ ಹಿರಿ ಅಳಿಯ, ಅವನು ನನ್ನ ಹೆಂಡತಿಯ ತಂಗಿಯನ್ನು ಕಟ್ಟಿಕೊಂಡವನು. ತೊಂಬತ್ತರ ದಶಕದ ಕೊನೆಯಲ್ಲಿ ತಿಪಟೂರಿನಲ್ಲಿ ನಾನು ಕಂಪ್ಯೂಟರ್ ಸೆಂಟರ್ ತೆರೆದಾಗ ಅವನಿನ್ನೂ ಚಿತ್ರದಲ್ಲೇ ಇರಲಿಲ್ಲ. ನಮ್ಮ ಮಾವನವರಿಗೆ ಕೊಬ್ಬರಿ ಮಂಡಿ. ಅವರ ತೂಕದ ಯಂತ್ರಕ್ಕೆ ಕಂಪ್ಯೂಟರ್ ಜೋಡಿಸಿ, ಚೀಲ ಇಟ್ಟ ತಕ್ಷಣ ತೂಕ ತಾನಾಗಿ ಪರದೆಗೆ ಬಂದು ಚೀಟಿ ಅಚ್ಚಾಗುವಂತೆ ಪ್ರೋಗ್ರಾಂ ಬರೆದುಕೊಟ್ಟವನು ನಾನು. ಚೀಲದ ತೂಕ ಕಳೆಯುವ ಪದ್ಧತಿ ಬದಲಾಗಲಿ, ಚೀಟಿಯಲ್ಲಿ ಒಂದು ಸಾಲು ಹೆಚ್ಚಾಗಲಿ, ನಾನೇ ಹೋಗಿ ತಿದ್ದಬೇಕಿತ್ತು. "ದೊಡ್ಡ ಅಳಿಯಂದ್ರಿಗೆ ಹೇಳಿಕಳ್ಸ್ರೋ" ಎಂದು ಮಾವ ಕೂತಲ್ಲಿಂದ ಕೂಗುತ್ತಿದ್ದರು. ನಾನು ಬೇಕೆಂದೇ ಕಾಫಿ ಕುಡಿದು, ಕ್ರಾಪು ತೀಡಿಕೊಂಡು ನಿಧಾನವಾಗಿ ಹೋಗುತ್ತಿದ್ದೆ. ಗುಮಾಸ್ತರು ಎದ್ದು ಕುರ್ಚಿ ಬಿಡುತ್ತಿದ್ದರು. ಆ ಊರಿನಲ್ಲಿ ನನಗಿದ್ದ ಮರ್ಯಾದೆಯೆಲ್ಲ ಆ ಕುರ್ಚಿಯದು.

ಆಮೇಲೆ ಇವನು ಬಂದ. ದಬ್ಬೇಘಟ್ಟದ ಕಡೆಯವನು. ನಾಲೆ ನೀರಿನ ಗದ್ದೆಯವರು, ತೆಂಗಿದ್ದರೂ ಕಾಯಿ ಕೆಡವಿದ ಹಾಗೆ ಮಾರಿ ಕೈತೊಳೆದುಕೊಳ್ಳುವವರು. ಅಟ್ಟದ ಮೇಲೆ ವರ್ಷಗಟ್ಟಲೆ ಕಾಯಿ ಒಣಗಿಸಿ ಕೊಬ್ಬರಿ ಮಾಡುವ ತಾಳ್ಮೆ ಆ ಮನೆಯಲ್ಲಿರಲಿಲ್ಲ. ಬಿ.ಎಸ್ಸಿ. ಓದಿದ್ದ. ಮದುವೆಯಾದ ಹೊಸದರಲ್ಲೇ ನನ್ನ ಸೆಂಟರಿಗೆ ಬಂದು, "ಅಣ್ಣ, ಒಂದು ಮೂಲೇಲಿ ಕುಂತ್ಕತೀನಿ, ಕಲಿಸ್ಕೊಡಿ" ಅಂದ. ಕಲಿಸಿದೆ. ಆರು ತಿಂಗಳು ಕಳೆಯುವ ಹೊತ್ತಿಗೆ ನಾನು ಪುಸ್ತಕ ತಿರುವಿ ಹುಡುಕುತ್ತಿದ್ದದ್ದನ್ನು ಅವನು ಬಾಯಲ್ಲೇ ಹೇಳುತ್ತಿದ್ದ. ಯೋಚನೆ ಮಾಡುವಾಗ ಅವನಿಗೆ ಕೊಬ್ಬರಿ ಬೆಲ್ಲ ಬೇಕೇ ಬೇಕು. ಅದರ ಪುಡಿಯೆಲ್ಲ ನನ್ನ ಕೀಬೋರ್ಡಿಗೆ ಉದುರಿ ಇರುವೆ ಮುತ್ತುತ್ತಿತ್ತು. ಬೈದರೆ, "ಅವೂ ಕಲೀಲಿ ಬುಡಿ ಅಣ್ಣ" ಎಂದು ನಗುತ್ತಿದ್ದ.

ಒಂದು ದಿನ ಬೆಲ್ಲ ಚೀಪುತ್ತ ಕೇಳಿದ: "ಅಣ್ಣ, ಈ ಜಾವಾಸ್ಕ್ರಿಪ್ಟ್‌ನ ಬ್ರೌಸರ್‌ನಿಂದ ಈಚೆಗೆ ಎಳ್ಕಂಡ್ ಬಂದ್ರೆ ಹೆಂಗೆ?"

ನನಗೆ ನಗು ಬಂತು. ಆಗ ಜಾವಾಸ್ಕ್ರಿಪ್ಟ್ ಎಂದರೆ ವೆಬ್ ಪುಟದಲ್ಲಿ ಅಕ್ಷರ ಮಿನುಗಿಸುವ ಹುಡುಗಾಟದ ಭಾಷೆ ಎಂದೇ ನನ್ನ ತಿಳಿವಳಿಕೆ. ಅವನು ಬಿಡಿಸಿ ಹೇಳಿದ. ಆ ಭಾಷೆಯನ್ನು ಓದಿ ನಡೆಸುವ ಇಂಜಿನ್ನನ್ನು ಬಲ್ಲವರು ಯಾರೋ ಬರೆದು, ಯಾರು ಬೇಕಾದರೂ ಬಳಸಲಿ ಎಂದು ಇಂಟರ್‌ನೆಟ್ಟಿನಲ್ಲಿ ಬಿಟ್ಟಿದ್ದರು. ಆದರೆ ಅದು ಬರೀ ಇಂಜಿನ್. ಲೆಕ್ಕ ಮಾಡುತ್ತದೆ, ಹೀಗಾದರೆ ಹಾಗೆ ಮಾಡು ಎಂದರೆ ಮಾಡುತ್ತದೆ, ಅಷ್ಟೇ. ಫೈಲ್ ತೆರೆಯಲು ಬಾರದು, ಚೀಟಿ ಅಚ್ಚು ಹಾಕಲು ಬಾರದು, ಸ್ವಲ್ಪ ಹೊತ್ತು ಬಿಟ್ಟು ಈ ಕೆಲಸ ಮಾಡು ಎಂದರೆ ತಿಳಿಯದು. ತೂಕದ ಯಂತ್ರ ಎಂಬುದೊಂದು ಲೋಕದಲ್ಲಿದೆ ಎಂದೇ ಅದಕ್ಕೆ ಗೊತ್ತಿಲ್ಲ. ಆ ಕೈಕಾಲುಗಳನ್ನೆಲ್ಲ ತಾನು ಸಿ ಭಾಷೆಯಲ್ಲಿ ಕಟ್ಟಿ ಇಂಜಿನ್ನಿಗೆ ಜೋಡಿಸುತ್ತೇನೆ ಅಂದ. ಹಾಗೆ ಜೋಡಿಸಿ ನಿಲ್ಲಿಸಿದ್ದಕ್ಕೆ ರನ್‌ಟೈಮ್ ಎನ್ನುತ್ತಾರೆ.

"ಅಷ್ಟೆಲ್ಲ ಒದ್ದಾಡಿ ಏನಯ್ಯ ಲಾಭ?" ಅಂದೆ.

"ಮಂಡೀಲಿ ಲೆಕ್ಕ ಬದ್ಲಾದ್ರೆ ಗುಮಾಸ್ತ್ರೇ ನಾಕು ಸಾಲು ತಿದ್ಕಬೋದು ಅಣ್ಣ. ಒಂದೊಂದಕ್ಕೂ ನಿಮ್ಗ್ಯಾಕೆ ತೊಂದ್ರೆ?"

ತೊಂದರೆಯಂತೆ! ನನ್ನ ಅನ್ನದ ತಟ್ಟೆಗೇ ಕೈ ಹಾಕಿ, ನಿಮಗೇಕೆ ಶ್ರಮ ಅನ್ನುತ್ತಾನೆ. ಸಿಟ್ಟು ತಡೆಯದೆ, "ಯಾರೋ ಮಾಡಿಟ್ಟ ಇಂಜಿನ್ ತಂದು ನಂದು ಅಂತ ಮೆರೀತೀಯೇನಯ್ಯ?" ಎಂದು ಕೇಳಿದೆ. ಅವನಿಗೆ ಚುಚ್ಚಲೇ ಇಲ್ಲ.

"ಪಂಪ್‌ಸೆಟ್ ಇಂಜಿನ್ ಏನ್ ನಮ್ಮಪ್ಪ ಮಾಡಿದ್ನಾ ಅಣ್ಣ? ಗದ್ದೆಗೆ ನೀರು ಬಂತಾ, ಅಷ್ಟು ನೋಡಿ."

ಮಾಡಿಯೇಬಿಟ್ಟ. ಫೋನ್ ಲೈನಿನಲ್ಲಿ ಆ ಇಂಜಿನ್ ಇಳಿಸಿಕೊಳ್ಳುವುದಕ್ಕೇ ದಿನಗಟ್ಟಲೆ ಹಿಡಿಯಿತು. ನಡುನಡುವೆ ಲೈನ್ ಸಾಯುವುದು, ಇವನು ಬೆಲ್ಲ ಚೀಪುತ್ತ ಮತ್ತೆ ಮೊದಲಿಂದ ಶುರುಮಾಡುವುದು. ಮಳೆಗಾಲ ಮುಗಿಯುವ ಹೊತ್ತಿಗೆ ಮಂಡಿಯಲ್ಲಿ ಇವನದು ಓಡುತ್ತಿತ್ತು. ಗುಮಾಸ್ತರೊಬ್ಬರು ತಾವೇ ಒಂದು ಸಾಲು ತಿದ್ದಿ ಚೀಟಿ ಬದಲಾಯಿಸಿದಾಗ ಮಾವ ಮೂಗಿನ ಮೇಲೆ ಬೆರಳಿಟ್ಟುಕೊಂಡರು. "ಚಿಕ್ಕ ಅಳಿಯಂದ್ರ ತಲೆ ಏನ್ ತಲೆ ಕಣ್ರೀ!" ಎಂದು ಬಂದವರಿಗೆಲ್ಲ ಹೇಳಿದರು. ಆಮೇಲೆ ಮಂಡಿಯಿಂದ ನನಗೆ ಕರೆ ಬರುವುದು ನಿಂತೇಹೋಯಿತು. ನಾನು ಸುಮ್ಮನೆ ಆ ಬೀದಿಯಲ್ಲಿ ಎರಡು ಸಲ ಸುತ್ತಿ ಬರುತ್ತಿದ್ದೆ, ಯಾರಾದರೂ ಕೂಗುತ್ತಾರೇನೋ ಎಂದು.

ದೇವರು ದೊಡ್ಡವನು. ಒಂದು ಹರಾಜಿನ ದಿನ, ಅಂಗಳದ ತುಂಬ ಚೀಲ, ರೈತರು ಸಾಲುಗಟ್ಟಿ ನಿಂತಿದ್ದಾರೆ, ಅವನ ರನ್‌ಟೈಮ್ ಸತ್ತು ಬಿತ್ತು. ಮತ್ತೆ ಎಬ್ಬಿಸಿದರೆ ಸ್ವಲ್ಪ ಹೊತ್ತು ಚೆನ್ನಾಗಿ ಓಡುವುದು, ಚೀಲಗಳು ಹೆಚ್ಚಾಗುತ್ತಿದ್ದ ಹಾಗೆ ಯಾವುದೋ ಒಂದು ಚೀಲಕ್ಕೆ ದಢಕ್ಕನೆ ನಿಲ್ಲುವುದು. ಮಾವ ಜನರ ಮುಂದೆಯೇ ಹೇಳಿದರು: "ದೊಡ್ಡ ಅಳಿಯಂದ್ರೇ, ಸದ್ಯಕ್ಕೆ ನಿಮ್ ಹಳೇದ್ನೇ ಹಾಕ್ಬುಡಿ. ಹಬ್ಬ ಕಳೆದು ಬರೋ ಹರಾಜಿಗೂ ಇವ್ರುದು ಸರಿಹೋಗ್ಲಿಲ್ಲ ಅಂದ್ರೆ ನಿಮ್ದೇ ಕಾಯಂ." ಆ ದಿನ ನಾನು ಬಸ್‌ಸ್ಟ್ಯಾಂಡ್ ಎದುರಿನ ಹೋಟೆಲಿನಲ್ಲಿ ಎರಡು ಮಸಾಲೆ ದೋಸೆ ತಿಂದೆ.

ಅವನು ಹುಡುಕಿದ, ಹುಡುಕಿದ, ಸಿಗಲಿಲ್ಲ. ಗಡ್ಡ ಬಿಟ್ಟ. ಬೆಲ್ಲ ತಿನ್ನುವುದನ್ನೂ ಬಿಟ್ಟ. ಹೀಗಿರುವಾಗ ಯುಗಾದಿ ಬಂತು, ಅಳಿಯಂದಿರಿಬ್ಬರೂ ಮಾವನ ಮನೆಗೆ ಊಟಕ್ಕೆ ಹೋದೆವು.

ಆ ಮನೆಯ ಒಂದು ಕಟ್ಟಳೆ ಹೇಳಬೇಕು. ಹೆಣ್ಣುಮಕ್ಕಳಿಬ್ಬರಿಗೂ ಅರಿಶಿನ ಕುಂಕುಮಕ್ಕೆಂದು ತೋಟದಲ್ಲಿ ಒಂದಿಷ್ಟು ಮರ ಬಿಟ್ಟಿದ್ದರು. ಅಲ್ಲೂ ನೋಡಿ, ಬಾವಿ ಪಕ್ಕದ ಮರಗಳು ಕಿರಿಯಳಿಗೆ! ಆ ಮರಗಳ ಕಾಯಿ ಅಟ್ಟದ ಮೇಲೆ ಒಣಗಿ ಕೊಬ್ಬರಿಯಾಗಬೇಕು. ಕೊಬ್ಬರಿಗೆಂದು ಬಿಟ್ಟ ಕಾಯಿಗೆ ಆಯಾ ಅಳಿಯ ಒಂದೊಂದು ಬೊಟ್ಟು ಸುಣ್ಣ ಇಡಬೇಕು. ಅಟ್ಟದಲ್ಲಿ ಜಾಗ ಸಾಲದಾದಾಗ ನಮ್ಮತ್ತೆ ಮೇಲೆ ಹತ್ತಿ, ಬೊಟ್ಟಿಲ್ಲದವನ್ನೆಲ್ಲ ಅಡುಗೆಗೆ ಇಳಿಸಿಬಿಡುತ್ತಿದ್ದರು. ಯಾರದು ಎತ್ತ ಎಂದು ಕೇಳುವ ಪದ್ಧತಿಯೇ ಇರಲಿಲ್ಲ.

ಎಲೆಯ ಮುಂದೆ ಕೂತಾಗ ಅವನು ಮೆಲ್ಲಗೆ ಕೇಳಿದ: "ಅತ್ತೆ, ಅಟ್ಟದ ಮೇಲೆ ನಮ್ ಕಾಯಿ ಒಂದೂ ಕಾಣ್ಲಿಲ್ಲ?"

"ಬೊಟ್ಟಿಲ್ದವ್ನ ಇಳಿಸ್ಕಂಡೆ ಕಣಪ್ಪ. ಈಗ ಉಣ್ತಿದೀರಲ್ಲ, ಕಾಯಿಹೋಳಿಗೆ, ಅದೇಯ" ಅಂದರು ಅತ್ತೆ.

ನನಗೆ ಹಬ್ಬದೊಳಗೆ ಹಬ್ಬ. ಸಿಕ್ಕಿದ್ದೇ ಸಮಯ ಎಂದು ಹಿಡಿದು ಝಾಡಿಸಿದೆ: "ಅಲ್ಲಯ್ಯ, ಅವು ನಿನ್ನವು ಅಂತ ನಿಂಗೊತ್ತು. ಅಟ್ಟ ಗುಡಿಸೋರಿಗೆ ಹೆಂಗೆ ಗೊತ್ತಾಗ್ಬೇಕು? ಅವ್ರಿಗೇನು ಕನಸು ಬೀಳ್ತದಾ? ಇದು ಬೇಕಾಗಿರೋದು, ಮುಟ್ಬೇಡಿ ಅಂತ ಒಂದು ಬೊಟ್ಟು ಇಡಕ್ಕೆ ನಿಂಗೇನ್ ದೊಡ್ಡರೋಗ?"

ಅವನ ಕೈ ಬಾಯಿಯ ಹತ್ತಿರವೇ ನಿಂತಿತು. ತುಪ್ಪ ಮೊಣಕೈವರೆಗೆ ಇಳಿಯಿತು. "ಅಣ್ಣ, ಇನ್ನೊಂದ್ಸಲ ಹೇಳಿ" ಅಂದ. ನಾನು ಇನ್ನೊಂದು ಸಲ, ಇನ್ನೂ ಜೋರಾಗಿ ಬೈದೆ. ಅವನು ಅರ್ಧ ಊಟದಲ್ಲೇ ಎದ್ದುಬಿಟ್ಟ. ಅಳಿಯ ಕಾಯಿಗಾಗಿ ಮುನಿಸಿಕೊಂಡು ಹೋದ ಎಂದು ಅತ್ತೆ ಕಣ್ಣಲ್ಲಿ ನೀರು ಹಾಕಿದರು.

ಸೆಂಟರಿನ ಬೀಗದ ಕೈ ನನ್ನ ಹತ್ತಿರವಿತ್ತಾದ್ದರಿಂದ ನಾನೂ ಹಿಂದೆ ಹೋದೆ. ಅವನು ಕುರ್ಚಿ ಹತ್ತಿ ಕೂತು, ಕುಟ್ಟುತ್ತಲೇ ವಿವರಿಸಿದ. ಇಂಜಿನ್ನು ತನ್ನ ಜಾಗ ಸಾಲದಾದಾಗ, ತನ್ನ ಕಣ್ಣಿಗೆ ಯಾರೂ ಬಳಸುತ್ತಿಲ್ಲ ಎಂದು ಕಂಡದ್ದನ್ನೆಲ್ಲ ಗುಡಿಸಿ ಹಾಕುತ್ತದೆ. ತೂಕ ಬಂದಾಗ ಏನು ಮಾಡಬೇಕೆಂದು ಗುಮಾಸ್ತರು ಬರೆದ ಸಾಲುಗಳನ್ನು ಇವನು ತಾನು ಕಟ್ಟಿದ ಭಾಗದಲ್ಲಿ ಇಟ್ಟುಕೊಂಡಿದ್ದ. ಅವು ಬೇಕಾಗಿವೆ ಎಂದು ಇಂಜಿನ್ನಿಗೆ ಹೇಳಿಯೇ ಇರಲಿಲ್ಲ. ಅದು ಗುಡಿಸಿತು. ಮುಂದಿನ ಚೀಲದ ತೂಕ ಬಂದಾಗ ಅದನ್ನು ತೆಗೆದುಕೊಳ್ಳಬೇಕಾದ ಸಾಲುಗಳೇ ಅಲ್ಲಿರಲಿಲ್ಲ. ಆ ಸಾಲುಗಳನ್ನು ಮುಟ್ಟಬೇಡ ಎಂದು ಇಂಜಿನ್ನಿಗೆ ಹೇಳುವ ಒಂದು ಸಣ್ಣ ಭಾಗ ಬರೆದು, ಅದಕ್ಕೆ ‘ಬೊಟ್ಟು’ ಎಂದೇ ಹೆಸರಿಟ್ಟ. ಮುಂದಿನ ಹರಾಜಿನಲ್ಲಿ ಕೊನೆಯ ಚೀಲದವರೆಗೂ ಅದು ನಿಲ್ಲಲಿಲ್ಲ. ನನ್ನ ಹಳೆಯದನ್ನು ಕಂಪ್ಯೂಟರಿನಿಂದ ಅಳಿಸಿದರು.

ಅಷ್ಟಕ್ಕೇ ಬಿಟ್ಟಿದ್ದರೆ ಸುಧಾರಿಸಿಕೊಳ್ಳುತ್ತಿದ್ದೆ. ಮಂಡಿಯ ನಡುವೆ ನಿಂತು, "ಇದ್ನ ಕಂಡ್ಹಿಡಿದೋರು ಅಣ್ಣ. ನಾನು ಬರೀ ಟೈಪ್ ಮಾಡಿದ್ದು" ಅಂದುಬಿಟ್ಟ. ನಾಟಕವಲ್ಲ, ಮನಸಾರೆ ಅಂದ. ನಾನು ಕಾಯಿ ವಿಷಯಕ್ಕೆ ಬೈದವನು ಮಾರಾಯ್ರೇ ಎಂದು ಎಷ್ಟು ಹೇಳಿದರೂ ಮಾವ ಬೆನ್ನು ತಟ್ಟಿದರು. ಗೆದ್ದವನು ಗೆಲುವನ್ನೂ ಎತ್ತಿ ಕೈಗೆ ಕೊಟ್ಟರೆ ಮನುಷ್ಯ ಎಲ್ಲಿಗೆ ಹೋಗಬೇಕು? ಅವನಿಗೆ ಹೊಟ್ಟೆಕಿಚ್ಚು ಎಂದರೇನೆಂದೇ ಗೊತ್ತಿರಲಿಲ್ಲ. ನನಗೆ ಅದಕ್ಕೂ ಹೊಟ್ಟೆಕಿಚ್ಚು.

ಆಮೇಲೆ ಒಂದೊಂದಾಗಿ ಬೇರೆ ಮಂಡಿಗಳೂ ಅವನನ್ನು ಕರೆದವು. ಎಲ್ಲಿ ಹೋದರೂ ಅದೇ ಮಾತು, ಅಣ್ಣ ಹೇಳಿಕೊಟ್ಟದ್ದು. ನನ್ನ ಸೆಂಟರಿಗೆ ಜನ ಬಂದದ್ದೂ, ಇವತ್ತಿಗೂ ಬರುತ್ತಿರುವುದೂ ಅದೇ ಮಾತಿನಿಂದ.

ಹೀಗೆ ಕೆಲವು ವರ್ಷ ಕಳೆದ ಮೇಲೆ ಒಂದು ಬೆಳಿಗ್ಗೆ ಅವನು ತುರುವೇಕೆರೆಗೆ ಹೋಗುವ ಬಸ್ಸಿನಲ್ಲಿ ಎದೆ ಹಿಡಿದುಕೊಂಡು ಕೂತವನು ಮತ್ತೆ ಏಳಲಿಲ್ಲ. ಇನ್ನೂ ತಲೆ ನೆರೆತಿರಲಿಲ್ಲ. ಸಾಯುವುದರಲ್ಲೂ ಹಿರಿಯನನ್ನು ಹಿಂದೆ ಹಾಕಿದ.

ತಿಥಿಯ ದಿನ ಮಂಡಿಯವರೆಲ್ಲ ಬಂದಿದ್ದರು. ಒಬ್ಬರು ನನ್ನ ಕೈ ಹಿಡಿದು, "ಪಾಪ, ನೀವು ಹೇಳ್ಕೊಟ್ಟಿದ್ನ ಚೆನ್ನಾಗಿ ನಡ್ಸ್ಕಂಡು ಹೋಗಿದ್ರು" ಅಂದರು. ನನಗೆ ತಲೆ ಕೆಟ್ಟುಹೋಯಿತು. "ನಾನೇನೂ ಹೇಳ್ಕೊಡ್ಲಿಲ್ಲ ಕಣ್ರೀ! ಅಷ್ಟೂ ಅವ್ನುದೇ! ಅವ್ನ ಕಿರುಬೆರಳಿನಷ್ಟೂ ನಾನಿಲ್ಲ!" ಎಂದು ಕೂಗಿಬಿಟ್ಟೆ. ಪಂಕ್ತಿಯೆಲ್ಲ ತಿರುಗಿ ನೋಡಿತು. ದುಃಖಕ್ಕೆ ಹೀಗಾಡುತ್ತಾರೆ ಎಂದು ಯಾರೋ ನೀರು ತಂದುಕೊಟ್ಟರು. ಒಬ್ಬರೂ ನಂಬಲಿಲ್ಲ. ಅವನು ನನಗಿಂತ ಎಷ್ಟು ಮೇಲೆ ಎಂದು ಅಳೆದು ನೋಡಿ ಬಲ್ಲವನು ಲೋಕದಲ್ಲಿ ನಾನೊಬ್ಬನೇ. ಅಷ್ಟು ವರ್ಷ ಹೊಟ್ಟೆ ಉರಿದುಕೊಂಡವನಿಗಲ್ಲದೆ ಇನ್ಯಾರಿಗೆ ಗೊತ್ತಾಗುತ್ತದೆ?

ಊಟವಾದ ಮೇಲೆ ಮಾವನ ಮನೆಗೆ ಬಂದು ಅಟ್ಟ ಹತ್ತಿದೆ. ಹೊಸದಾಗಿ ಕೆಡವಿದ ಕಾಯಿ ರಾಶಿ ಹಾಕಿದ್ದರು. ಬಾವಿ ಪಕ್ಕದ ಅವನ ಮರಗಳವು ಬೇರೆ ರಾಶಿಯಾಗಿದ್ದವು, ಒಂದಕ್ಕೂ ಬೊಟ್ಟಿರಲಿಲ್ಲ. ಆ ಯುಗಾದಿಯಿಂದ ಈಚೆಗೆ ಅವನು ಒಂದು ವರ್ಷವೂ ಮರೆತವನಲ್ಲ. ಅತ್ತೆಯ ಎಲೆಅಡಿಕೆ ತಟ್ಟೆಯಿಂದ ಸುಣ್ಣ ತೆಗೆದುಕೊಂಡು ಬಂದು, ಒಂದೊಂದನ್ನೇ ತೊಡೆಯ ಮೇಲಿಟ್ಟುಕೊಂಡು ಬೊಟ್ಟಿಟ್ಟೆ. ಕಣ್ಣು ಮಂಜಾಗಿ ಕೆಲವಕ್ಕೆ ಎರಡೆರಡು ಬಿತ್ತು.

ಹಾಳಾಗ, ಒಂದೊಂದು ಕಾಯಿಯೂ ನನ್ನ ಮರದ ಕಾಯಿಗಿಂತ ದಪ್ಪ.