ಆರಲಿ ಎಂದು ಬೇಡಿಕೊಂಡ ದೀಪ

ಭಕ್ತ ಬಂಧುಗಳೇ, ದೇವರ ಮುಂದೆ ದೀಪ ಹಚ್ಚಿ ಬೇಡಿಕೊಂಡವರ ಅನುಭವಗಳನ್ನು ನೀವು ಸಾಕಷ್ಟು ಓದಿದ್ದೀರಿ. ಉರಿಯುತ್ತಿರುವ ದೀಪವೊಂದನ್ನು ದಯವಿಟ್ಟು ಆರಿಸಪ್ಪಾ ಎಂದು ಬೇಡಿಕೊಂಡವನು ಬಹುಶಃ ನಾನೊಬ್ಬನೇ. ಅದು ನನ್ನ ಹಳೆಯ ಕಾರಿನಲ್ಲಿ, ಸ್ಟಿಯರಿಂಗ್ ಹಿಂದೆ, ಬ್ರೇಕಿನ ಚಿತ್ರದ ಮೇಲೆ ಉರಿಯುವ ಕಡಲೆಕಾಳಿನಷ್ಟು ಕೆಂಪು ದೀಪ.

೨೦೦೩ರ ಮಾಘ ಮಾಸ. ನಾನು ಭದ್ರಾವತಿಯ ಕಾರ್ಖಾನೆಯೊಂದರ ತಪಾಸಣೆ ವಿಭಾಗದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾಗಿದ್ದೆ. ಎರಕ ಹೊಯ್ದು ಬಂದ ಕಬ್ಬಿಣದಲ್ಲಿ ಬಿರುಕು ಹುಡುಕುವುದು ನನ್ನ ಕೆಲಸ. ಆ ಅಭ್ಯಾಸ ಮನೆಗೂ ಬಂದು, ಹೆಂಡತಿ ಮಾಡಿದ ರೊಟ್ಟಿಯ ಅಂಚನ್ನೂ ನೋಡಿ ತಿನ್ನುತ್ತಿದ್ದೆ. ಆ ಹೆಂಡತಿ, ಗಿರಿಜ, ಹಿಂದಿನ ವರ್ಷ ಕಾಯಿಲೆ ಬಿದ್ದಳು. ಎರಡೂ ಮೂತ್ರಪಿಂಡ ಕೈಕೊಟ್ಟಿದ್ದವು. ಮಂಗಳವಾರ ಮತ್ತು ಶನಿವಾರ ಶಿವಮೊಗ್ಗದ ಆಸ್ಪತ್ರೆಯಲ್ಲಿ ನಾಲ್ಕು ನಾಲ್ಕು ಗಂಟೆ ಡಯಾಲಿಸಿಸ್. ಒಂದು ಸರದಿಯೂ ತಪ್ಪಬಾರದು ಎಂದು ಡಾಕ್ಟರು ಹೇಳಿದ್ದರು. ತಪ್ಪಿದರೆ ಏನಾಗುತ್ತದೆ ಎಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ.

ಮೊದಲೆರಡು ತಿಂಗಳು ಬಸ್ಸಿನಲ್ಲಿ ಹೋದೆವು. ಒಂದು ದಿನ ವಾಪಸ್ ಬರುವಾಗ ಶಿವಮೊಗ್ಗದ ಬಸ್‌ಸ್ಟ್ಯಾಂಡಿನಲ್ಲೇ ಅವಳು ಕಣ್ಣು ಕತ್ತಲೆ ಬಂದು ಕುಸಿದಳು. ಬಾಡಿಗೆ ಕಾರು ಗೊತ್ತು ಮಾಡಿದೆ. ಎರಡು ವಾರ ಬಂದ ಡ್ರೈವರ್ ಮೂರನೆಯ ವಾರ ಮದುವೆ ದಿಬ್ಬಣಕ್ಕೆ ಹೋದ. ಅದಾದ ಮೇಲೆ, ಶೆಡ್ಡಿನಲ್ಲಿ ಮುಸುಕು ಹೊದ್ದು ಮಲಗಿದ್ದ ಹದಿನೈದು ವರ್ಷದ ನಮ್ಮ ಕಾರನ್ನು ಎಬ್ಬಿಸಿದೆ. ಹಿಂದಿನ ಸೀಟಿನಲ್ಲಿ ದಿಂಬು ಹಾಕಿ ಗಿರಿಜಳನ್ನು ಮಲಗಿಸಿಕೊಂಡು ಹೋಗಿ ಬರುವುದು ರೂಢಿಯಾಯಿತು. ಅವಳ ಪ್ರಾಣ ಆ ಕಾರಿನ ನಾಲ್ಕು ಚಕ್ರದ ಮೇಲಿತ್ತು ಎಂದರೆ ಅತಿಶಯೋಕ್ತಿಯಲ್ಲ.

ಹೀಗಿರುವಾಗ ಒಂದು ಶನಿವಾರ ಮಾಚೇನಹಳ್ಳಿ ದಾಟುತ್ತಿದ್ದಂತೆ ಆ ಕೆಂಪು ದೀಪ ಮಿಣುಕಿತು. ಮುಂದಿನ ತಿರುವಿನಲ್ಲಿ ಮತ್ತೆ. ಶಿವಮೊಗ್ಗ ಮುಟ್ಟುವ ಹೊತ್ತಿಗೆ ಅದು ನಂದಾದೀಪವಾಗಿತ್ತು.

ಗಿರಿಜ ಒಳಗೆ ಮಲಗಿದ್ದ ನಾಲ್ಕು ಗಂಟೆಯಲ್ಲಿ ಅಲ್ಲಿಯೇ ಹತ್ತಿರದ ಒಬ್ಬ ಎಲೆಕ್ಟ್ರಿಷಿಯನ್‌ಗೆ ಕಾರು ತೋರಿಸಿದೆ. ಅವನು ಬ್ರೇಕನ್ನು ಮುಟ್ಟಿಯೂ ನೋಡಲಿಲ್ಲ.

"ಸಾರ್, ವೈರ್ ಎಲ್ಲೋ ಶಾರ್ಟ್ ಆಗಿರುತ್ತೆ. ದೀಪ ಉರಿದ್ರೆ ತಾನೇ ನಿಮಗೆ ಟೆನ್ಷನ್? ಬಲ್ಬ್ ಕಿತ್ತು ಕೈಗೆ ಕೊಡ್ತೀನಿ, ಆರಾಮಾಗಿ ಹೋಗಿ."

ರೋಗಿಯ ಜ್ವರ ಹೋಗಲೆಂದು ಥರ್ಮಾಮೀಟರ್ ಒಡೆಯುವ ಈ ಚಿಕಿತ್ಸೆ ನನಗೆ ಒಪ್ಪಿಗೆಯಾಗಲಿಲ್ಲ. ಎರಡನೇ ಗೇರಿನಲ್ಲಿ ಭದ್ರಾವತಿಗೆ ಬಂದೆ. ಹಿಂದೆ ಬರುತ್ತಿದ್ದ ಲಾರಿಯವರು ನನ್ನ ವಂಶದ ಬಗ್ಗೆ ಹಾರ್ನಿನಲ್ಲಿ ಏನೇನೋ ಹೇಳಿದರು.

ನಮ್ಮ ಬೀದಿಯ ಕೊನೆಯಲ್ಲಿ ಖಲೀಲ್ ಸಾಬ್ರ ಗ್ಯಾರೇಜಿದೆ. ಆ ಕಾರು ಕೊಂಡ ದಿನದಿಂದ ಅದರ ವೈದ್ಯರು ಅವರೇ. ಭಾನುವಾರವೂ ಸೋಮವಾರವೂ ಅದರ ಕೆಳಗೇ ಮಲಗಿದರು. ಹ್ಯಾಂಡ್‌ಬ್ರೇಕ್ ಎಳೆದರೂ ಅದೇ ದೀಪ ಹತ್ತುತ್ತದೆಂದು ಅದರ ಸ್ವಿಚ್ ಬದಲಾಯಿಸಿದರು, ಆದರೂ ದೀಪ ಉರಿಯುತ್ತಲೇ ಇತ್ತು. ನಾಲ್ಕೂ ಚಕ್ರ ಬಿಚ್ಚಿದರು, ಎಲ್ಲವೂ ಒಣಗಿದ್ದವು. ಕಾರಿನ ಕೆಳಗೆ ದಿನಪತ್ರಿಕೆ ಹಾಸಿದೆವು. ಬೆಳಿಗ್ಗೆ ಅದರ ಮೇಲೆ ಒಂದು ಹನಿ ಇಲ್ಲ.

"ಇನ್‌ಸ್ಪೆಕ್ಟರ್ ಸಾಹೇಬ್ರೇ, ಬ್ರೇಕ್ ಆಯಿಲ್ ಚೂರು ಕಮ್ಮಿ ಐತೆ. ಆದ್ರೆ ಎಲ್ಲಿಗೆ ಹೋಯ್ತು ಅಂತ ಗೊತ್ತಾಗ್ತಿಲ್ಲ," ಎಂದರು ಕೈ ಒರೆಸಿಕೊಳ್ಳುತ್ತಾ. "ಇನ್ನೆರಡು ದಿನ ಗಾಡಿ ಇಲ್ಲೇ ಬಿಡಿ. ಕಾರಣ ಸಿಗೋವರೆಗೂ ಓಡಿಸಬ್ಯಾಡಿ."

"ನಾಳೆ ಮಂಗಳವಾರ ಕಣ್ರೀ."

"ಗೊತ್ತು. ಅದಕ್ಕೇ ಹೇಳ್ತಿರೋದು."

ನನಗೆ ಸಿಟ್ಟು ಬಂತು. ಎರಡು ದಿನ ಹುಡುಕಿ ಏನೂ ಸಿಗದವರು ಓಡಿಸಬೇಡಿ ಎನ್ನುವುದು ಯಾವ ನ್ಯಾಯ? ಕಾರು ಬಿಡಿಸಿಕೊಂಡು ಮನೆಗೆ ತಂದೆ.

ಆ ಸಂಜೆ ನಾನು ನಿಜವಾಗಿ ಹೆದರಿದೆ. ಓಡಿಸಿದರೆ ಬ್ರೇಕಿನ ಭಯ, ಓಡಿಸದಿದ್ದರೆ ಡಾಕ್ಟರು ಹೇಳದೆ ಬಿಟ್ಟ ಮಾತಿನ ಭಯ. ಗಿರಿಜಳ ಕಾಲು ಆಗಲೇ ಊದಿಕೊಂಡಿತ್ತು. ನಮ್ಮ ಮನೆದೇವರು ವೀರಭದ್ರಸ್ವಾಮಿ. ಸೋಮವಾರದ ರುದ್ರಾಭಿಷೇಕಕ್ಕೆ ಗುಡಿಗೆ ಹೋದವನು ಕೈ ಮುಗಿದು ನಿಂತು ಹೀಗೆಂದೆ: "ಸ್ವಾಮಿ, ಬಂದವರೆಲ್ಲ ನಿನ್ನ ಮುಂದೆ ದೀಪ ಹಚ್ಚುತ್ತಾರೆ. ನಾನು ಒಂದು ದೀಪ ಆರಿಸು ಎಂದು ಬಂದಿದ್ದೇನೆ. ಆರಿಸಿದರೆ ಹನ್ನೊಂದು ಸೋಮವಾರ ನಶ್ಯ ಮುಟ್ಟುವುದಿಲ್ಲ." ನಶ್ಯ ಏರಿಸುವವರಿಗೆ ಮಾತ್ರ ಈ ಹರಕೆಯ ತೂಕ ಅರ್ಥವಾಗುತ್ತದೆ.

ಅಭಿಷೇಕದ ತೀರ್ಥವನ್ನು ಸಣ್ಣ ಬಾಟಲಿಯಲ್ಲಿ ತುಂಬಿಸಿಕೊಂಡು ಮನೆಗೆ ಬಂದು ಬಾನೆಟ್ ಎತ್ತಿದೆ. ಡ್ರೈವರ್ ಕಡೆಗೆ ಒಂದು ದೊಡ್ಡ ಕರಿ ಡಬ್ಬಿ. ಅದನ್ನು ಬೂಸ್ಟರ್ ಎನ್ನುತ್ತಾರೆ. ಅದಕ್ಕೆ ಸೇರಿಕೊಂಡಂತೆ ಒಂದು ಕಬ್ಬಿಣದ ಕೊಳವೆ, ಅದು ಮಾಸ್ಟರ್ ಸಿಲಿಂಡರ್. ಕೊಳವೆಯ ತಲೆಯ ಮೇಲೆ ಬ್ರೇಕ್ ಆಯಿಲ್ ತುಂಬುವ ಪ್ಲಾಸ್ಟಿಕ್ ಲೋಟ. ಆಯುಧಪೂಜೆಯಲ್ಲಿ ನಾವು ಕಾರಿನ ಮೂತಿಗೆ ವಿಭೂತಿ ಹಚ್ಚುತ್ತೇವೆ, ಕಾಯಿಲೆ ಇರುವ ಅಂಗವನ್ನು ಕೇಳುವುದೇ ಇಲ್ಲ ಎಂದು ಅನ್ನಿಸಿತು. ವಿಭೂತಿ ಗಟ್ಟಿಯನ್ನು ನೀರಿನಲ್ಲಿ ಅದ್ದಿ, ಕರಿ ಡಬ್ಬಿಗೆ ಹಣೆ ಯಾವುದೆಂದು ತಿಳಿಯದೆ, ಬೆರಳು ಹೋದ ಕಡೆ, ಕೊಳವೆ ಬಂದು ಸೇರುವ ಜಾಗದ ಕೆಳಗೆ ಮೂರು ಗೆರೆ ಎಳೆದೆ. ಆಮೇಲೆ ಲೋಟದ ಮುಚ್ಚಳ ತೆಗೆದು, ಪಂಚಾಕ್ಷರಿ ಹೇಳುತ್ತಾ ಮೂರು ಚಮಚ ತೀರ್ಥವನ್ನು ಬ್ರೇಕ್ ಆಯಿಲ್‌ಗೆ ಸುರಿದೆ.

ಗಾಡಿಗಳ ಬಗ್ಗೆ ತಿಳಿದವರು ಇಲ್ಲಿ ಹಣೆ ಚಚ್ಚಿಕೊಳ್ಳುತ್ತಿದ್ದೀರಿ ಎಂದು ನನಗೆ ಗೊತ್ತು. ಸ್ವಲ್ಪ ತಾಳಿ.

ಮಂಗಳವಾರ ಬೆಳಿಗ್ಗೆ ಕೀಲಿ ತಿರುಗಿಸಿದೆ, ಹ್ಯಾಂಡ್‌ಬ್ರೇಕ್ ಇಳಿಸಿದೆ. ದೀಪ ಆರಿತ್ತು! ಹೋಗುವಾಗಲೂ ಇಲ್ಲ, ಬರುವಾಗಲೂ ಇಲ್ಲ. ನನ್ನ ಸಂತೋಷಕ್ಕೆ ಪಾರವಿಲ್ಲ. ಬೀದಿಯ ತುಂಬ ಈ ಪವಾಡವನ್ನು ಸಾರಿದೆ. ನಶ್ಯದ ಡಬ್ಬಿಯನ್ನು ಬೀರುವಿನಲ್ಲಿಟ್ಟು ಕೀಲಿಯನ್ನು ಗಿರಿಜಳ ಕೈಗೆ ಕೊಟ್ಟೆ. ಖಲೀಲ್ ಸಾಬ್ರಿಗೂ ಹಣ್ಣು ಕಾಯಿ ತೆಗೆದುಕೊಂಡು ಹೋದೆ. ವಿನಯದಿಂದಲೇ ಕೊಟ್ಟೆ, ಆದರೆ ಗೆದ್ದವನ ವಿನಯ.

ಅವರು ಬಾಳೆಹಣ್ಣು ಸುಲಿಯುತ್ತಾ ಕೇಳಿದರು: "ದೇವ್ರು ದೊಡ್ಡೋನು, ಇಲ್ಲ ಅನ್ನಲ್ಲ. ಆದ್ರೆ ಆಯಿಲ್ ಎಲ್ಲಿಗೆ ಹೋಯ್ತು ಅಂತ ಏನಾದ್ರೂ ಹೇಳಿದ್ನಾ?"

"ಎಲ್ಲದಕ್ಕೂ ಲೆಕ್ಕ ಕೇಳಬಾರದು ಸಾಬ್ರೇ."

"ಮೂವತ್ತು ವರ್ಷ ಅದೇ ಕೆಲಸ ಮಾಡಿದೋರು ನೀವು!"

ಶನಿವಾರವೂ ಸುಖವಾಗಿ ಹೋಗಿ ಬಂದೆವು. ಮುಂದಿನ ಮಂಗಳವಾರ ಬೆಳಿಗ್ಗೆ ಗಿರಿಜಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿ, ಗೇಟಿನಿಂದ ಕಾರು ಹೊರಗೆ ತಂದು ಬೀದಿಗೆ ತಿರುಗಿಸಿದೆ. ಕೆಂಪು ದೀಪ ಮಿಣುಕಿತು. ಅಲ್ಲೇ ನಿಲ್ಲಿಸಿ ಒಳಗೆ ಓಡಿ ತೀರ್ಥದ ಬಾಟಲಿ ತಂದು ಬಾನೆಟ್ ಎತ್ತಿದೆ.

ಗಿರಿಜ ಕಿಟಕಿಯಿಂದ ತಲೆ ಹೊರಗೆ ಹಾಕಿದಳು. "ಏನ್ರೀ ಅದು ಕೈಯಲ್ಲಿ?"

"ತೀರ್ಥ. ಭಕ್ತಿ ಸಾಲದೇ ಹೋಯ್ತೇನೋ, ಇನ್ನೊಂದ್ ಮೂರು ಚಮಚ ಹಾಕ್ತೀನಿ."

"ಹಾಕ್ತೀನಿ ಅಂದ್ರೆ? ಬ್ರೇಕಿನೊಳಗೇ ಹಾಕಿದ್ದೀರಾ?" ಅವಳಿಗೆ ಮಾತಾಡಲೂ ಉಸಿರು ಸಾಲುತ್ತಿರಲಿಲ್ಲ, ಆದರೂ ಬಿಡಲಿಲ್ಲ. "ಅಲ್ಲ ಮಾರಾಯರೇ, ನಾನು ಆ ಮೆಷಿನ್ನಿಗೆ ಕೈ ಕೊಟ್ಟು ಮಲಗೋದು ಬದುಕೋಕೆ. ದಾರಿಲಿ ಸಾಯೋಕಲ್ಲ. ಮೊದಲು ಕಣ್ಣು ಬಿಟ್ಟು ನೋಡ್ರೀ. ಊರಿನವರ ಕಬ್ಬಿಣ ಎಲ್ಲಾ ನೋಡಿದ್ರಿ, ನಮ್ಮದೊಂದು ನೋಡೋಕಾಗಲ್ವಾ?"

ಬೈಸಿಕೊಂಡವನು ತಲೆ ತಗ್ಗಿಸಬೇಕಲ್ಲ, ತಗ್ಗಿಸಿದೆ. ತಗ್ಗಿಸಿದ ಕಣ್ಣಿಗೆ ನೇರವಾಗಿ ಬಿದ್ದದ್ದು ನಾನೇ ಎಳೆದ ಮೂರು ವಿಭೂತಿ ಗೆರೆ.

ಗೆರೆಗಳು ಒಣಗಿ ಬೆಳ್ಳಗಿದ್ದವು. ಆದರೆ ಮೂರನ್ನೂ ಮೇಲಿನಿಂದ ಕೆಳಕ್ಕೆ ಸೀಳಿಕೊಂಡು ದಾರದಷ್ಟು ತೆಳುವಾದ ಒಂದು ಒದ್ದೆ ಗೆರೆ ಇಳಿದಿತ್ತು.

ಬಂಧುಗಳೇ, ಆ ಕ್ಷಣ ನನ್ನ ಮೈ ಜುಮ್ಮೆಂದದ್ದು ಏಕೆಂದು ಹೇಳಬೇಕಾದರೆ ನನ್ನ ಕಾರ್ಖಾನೆಯ ಕೆಲಸವನ್ನು ಹೇಳಬೇಕು. ಎರಕದಲ್ಲಿ ಕಣ್ಣಿಗೆ ಕಾಣದ ಬಿರುಕಿದ್ದರೆ ನಾವು ಅದರ ಮೇಲೆ ಸೀಮೆಎಣ್ಣೆ ಸವರುತ್ತಿದ್ದೆವು. ಆಮೇಲೆ ಚೆನ್ನಾಗಿ ಒರೆಸಿ, ಮೇಲೆ ಸೀಮೆಸುಣ್ಣದ ಪುಡಿ ಬಳಿಯುತ್ತಿದ್ದೆವು. ಬಿರುಕಿನೊಳಗೆ ಅವಿತ ಎಣ್ಣೆ ಮೆಲ್ಲಗೆ ಒಸರಿ ಬಿಳುಪಿನ ಮೇಲೆ ಕಪ್ಪು ಗೆರೆಯಾಗಿ ಮೂಡುತ್ತಿತ್ತು. ಮೂವತ್ತು ವರ್ಷ ದಿನಾ ಮಾಡಿದ ಪರೀಕ್ಷೆ. ಅದನ್ನೇ ಆ ಸೋಮವಾರ ಸಂಜೆ ವಿಭೂತಿಯಲ್ಲಿ, ಸರಿಯಾದ ಜಾಗದಲ್ಲಿ ನನ್ನ ಕೈಯಿಂದ ಮಾಡಿಸಲಾಗಿತ್ತು. ಮಾಡಿದವನಿಗೆ ಮಾತ್ರ ಗೊತ್ತಿರಲಿಲ್ಲ. ಕರಿ ಡಬ್ಬಿಯ ಮೇಲೆ ಇಳಿಯುತ್ತಿದ್ದ ಆ ಜಿನುಗು, ವಿಭೂತಿ ಇಲ್ಲದಿದ್ದರೆ ಯಾರ ಕಣ್ಣಿಗೂ ಬೀಳುವಂತಿರಲಿಲ್ಲ.

ಆದರೂ ಈ ಸಲ ಪರೀಕ್ಷಿಸದೆ ಪಾಸು ಮಾಡುವ ತಪ್ಪು ಮಾಡಲಿಲ್ಲ. ಬಟ್ಟೆಯಿಂದ ಆ ಜಾಗವನ್ನು ಒರೆಸಿ, ಒಣ ವಿಭೂತಿಯನ್ನು ಪುಡಿ ಮಾಡಿ ಬಳಿದೆ.

"ಗಿರಿಜಾ, ಮುಂದಿನ ಸೀಟಿಗೆ ಬಂದು ಬ್ರೇಕ್ ಒತ್ತೋಕಾಗುತ್ತಾ?"

ಅವಳು ಬಾಗಿಲು ಹಿಡಿದುಕೊಂಡು ಮೆಲ್ಲಗೆ ಬಂದು ಕೂತಳು. ಊದಿದ ಪಾದವನ್ನು ಪೆಡಲಿನ ಮೇಲಿಟ್ಟಳು. "ಒತ್ತಿದೆ."

"ಇನ್ನೊಂದ್ ಸಲ."

"ಒತ್ತಿದೆ ಕಣ್ರೀ. ಏನಾದ್ರೂ ಕಾಣ್ತಾ?"

ಕಂಡಿತು. ಕೊಳವೆಯೂ ಡಬ್ಬಿಯೂ ಸೇರುವ ಕೀಲಿನ ಕೆಳಗೆ ಒಂದು ಒದ್ದೆ ಚುಕ್ಕೆ ಮೂಡಿ, ಬಿಳುಪಿನಲ್ಲಿ ನಿಧಾನವಾಗಿ ಕೆಳಗಿಳಿಯಿತು. ನಾನು ರಸ್ತೆಯಲ್ಲೇ ಕೈ ಮುಗಿದೆ.

ಫೋನು ಮಾಡಿದ ಐದು ನಿಮಿಷಕ್ಕೆ ಖಲೀಲ್ ಸಾಬ್ರು ಬಂದರು. ಗೆರೆ ನೋಡಿ ಶಿಳ್ಳೆ ಹಾಕಿದರು. "ಮಾಸ್ಟರ್ ಸಿಲಿಂಡರಿನ ಹಿಂದಿನ ರಬ್ಬರ್ ಹೋಗೈತೆ. ಆಯಿಲ್ ಎಲ್ಲಾ ಈ ಕರಿ ಡಬ್ಬೀನೇ ಕುಡೀತಾ ಐತೆ, ಅದಕ್ಕೇ ನೆಲಕ್ಕೆ ಬೀಳ್ತಿರಲಿಲ್ಲ!" ಎಂದವರು ಲೋಟದೊಳಗೆ ಇಣುಕಿ ಹುಬ್ಬು ಗಂಟಿಕ್ಕಿದರು. "ಇದೇನಿದು, ಆಯಿಲ್ ಬಣ್ಣ ಬದಲಾಗೈತೆ?"

ಒಪ್ಪಿಕೊಂಡೆ. ತೀರ್ಪು ಕೇಳುವ ಅಪರಾಧಿಯಂತೆ ನಿಂತೆ.

"ಸಾಹೇಬ್ರೇ, ಲೋಟದೊಳಗೆ ಒಂದು ಬೆಂಡು ತೇಲ್ತಾ ಇರ್ತದೆ. ಆಯಿಲ್ ಇಳಿದ್ರೆ ಬೆಂಡು ಇಳಿದು ದೀಪ ಹತ್ತುತ್ತೆ. ನೀವು ನೀರು ಹಾಕಿ ಬೆಂಡು ಎತ್ತಿದ್ರಿ, ದೀಪ ಆರ್ತು. ಅಷ್ಟೇ. ಬ್ರೇಕ್ ಬಿಸಿ ಆದಾಗ ಆ ನೀರು ಕುದಿದಿದ್ರೆ ಪೆಡಲ್ ಸೀದಾ ನೆಲಕ್ಕೆ ಹೋಗ್ತಿತ್ತು. ಎರಡು ಸಲ ಹೋಗಿ ಬಂದಿದೀರಲ್ಲ, ಅದು ಪವಾಡ."

ಶಿವಮೊಗ್ಗದ ಎಲೆಕ್ಟ್ರಿಷಿಯನ್ ಬಲ್ಬ್ ಕೀಳಲು ಹೊರಟಿದ್ದ. ನಾನು ಅದನ್ನೇ ಮಂತ್ರ ಹೇಳಿ ಮಾಡಿದ್ದೆ. ಹೊತ್ತು ಬೇರೆ ಮೀರುತ್ತಿತ್ತು. ಡಯಾಲಿಸಿಸ್ ಸರದಿ ತಪ್ಪಿದರೆ ಆ ದಿನ ಬೇರೆ ಮೆಷಿನ್ ಸಿಗುವುದಿಲ್ಲ. ನನ್ನ ಮುಖ ನೋಡಿದ ಖಲೀಲ್ ಸಾಬ್ರು ಗ್ಯಾರೇಜಿಗೆ ಓಡಿ, ಒಂದು ಅಂಬಾಸಿಡರ್ ಕಾರು ತಂದು ನಿಲ್ಲಿಸಿದರು.

"ಯಾರದ್ದು ಇದು?"

"ಆಯನೂರಿನ ಗಿರಾಕಿದು. ಗೇರ್‌ಬಾಕ್ಸ್ ಬಿಚ್ಚಿ ಕಟ್ಟೀನಿ, ಟ್ರಯಲ್ ನೋಡ್ಬೇಕು."

"ಟ್ರಯಲ್ ಎಲ್ಲೀವರೆಗೆ?"

"ಡಯಾಲಿಸಿಸ್ ವಾರ್ಡಿನವರೆಗೆ. ಹತ್ತಿ ಅಮ್ಮಾ."

ಗಿರಿಜ ಹತ್ತುವ ಮುಂಚೆ ನಿಂತು ಕೇಳಿದಳು: "ಇದರ ಬ್ರೇಕ್ ಹೆಂಗಿದೆ ಸಾಬ್ರೇ?"

"ಯೋಚನೆ ಮಾಡಬ್ಯಾಡಿ. ಇದಕ್ಕೆ ನಿಮ್ಮ ಯಜಮಾನ್ರು ಇನ್ನೂ ಪೂಜೆ ಮಾಡಿಲ್ಲ."

ತುಂಗಾ ಸೇತುವೆಯವರೆಗೂ ಅವಳು ನಗುತ್ತಲೇ ಬಂದಳು. ಅವಳು ಹಾಗೆ ನಕ್ಕು ಎಷ್ಟೋ ತಿಂಗಳಾಗಿತ್ತು. ಮೆಷಿನ್ ಅವಳಿಗಾಗಿ ಕಾಯುತ್ತಿತ್ತು, ಸರದಿ ತಪ್ಪಲಿಲ್ಲ. ಬರುವಾಗ ಹೊಸ ರಬ್ಬರಿನ ಕಿಟ್ ತಂದೆವು.

ಮರುದಿನ ಖಲೀಲ್ ಸಾಬ್ರು ಮಾಸ್ಟರ್ ಸಿಲಿಂಡರ್ ಬಿಚ್ಚಿ, ಹಳೆಯ ರಬ್ಬರನ್ನು ನನ್ನ ಅಂಗೈ ಮೇಲಿಟ್ಟರು. ಒಂದು ಕಡೆ ಹರಿದು ನಾರಿನಷ್ಟು ಉಳಿದಿತ್ತು. "ಇನ್ನೊಂದು ಟ್ರಿಪ್ ತಡೀತಿದ್ದದ್ದೇ ಅನುಮಾನ," ಎಂದರು. ಪೈಪುಗಳಲ್ಲಿದ್ದ ಆಯಿಲ್ ಪೂರ್ತಿ ತೆಗೆದು, ತೊಳೆದು, ಹೊಸದು ತುಂಬಿದರು. ಆ ಹರಿದ ರಬ್ಬರ್ ಈಗ ನಮ್ಮ ದೇವರ ಮನೆಯಲ್ಲಿ, ವಿಭೂತಿ ಬಟ್ಟಲಿನ ಪಕ್ಕದಲ್ಲಿದೆ.

ಇದು ನಡೆದು ಮೂರು ವರ್ಷವಾಯಿತು. ಗಿರಿಜ ಇಂದಿಗೂ ಒಂದು ಸರದಿ ತಪ್ಪಿಸಿಲ್ಲ. ಸುಳ್ಳು ಪವಾಡಕ್ಕೆ ಬಿಟ್ಟ ಒಂದು ಸೋಮವಾರದ ನಶ್ಯವನ್ನು ಅವಳು ಲೆಕ್ಕಕ್ಕೆ ಹಿಡಿಯಲಿಲ್ಲ. ಹನ್ನೊಂದನ್ನೂ ಮೊದಲಿನಿಂದ ಎಣಿಸಿದಳು. ನಾನೂ ತಕರಾರು ಮಾಡಲಿಲ್ಲ. ನಾನು ಬೇಡಿದ್ದನ್ನು ಸ್ವಾಮಿ ಕೊಡಲಿಲ್ಲ, ಬಂಧುಗಳೇ. ಕೊಟ್ಟಿದ್ದರೆ ಇಬ್ಬರೂ ಇರುತ್ತಿರಲಿಲ್ಲ. ನಾನು ಆರಿಸಿದ ದೀಪವನ್ನು ಅವನು ನಮ್ಮ ಗೇಟಿನ ಮುಂದೆಯೇ, ದೊಡ್ಡ ರಸ್ತೆ ಹತ್ತುವ ಮುಂಚೆಯೇ ಮತ್ತೆ ಹಚ್ಚಿದ. ತಲೆ ತಗ್ಗಿಸಿ ನೋಡುವ ಹಾಗೆ ಹೆಂಡತಿಯಿಂದ ಬೈಸಿದ. ಇದಕ್ಕಿಂತ ಹೆಚ್ಚು ಕರುಣೆಯನ್ನು ನಾನು ಕೇಳಲಾರೆ.

ಈಗಲೂ ಮಂಗಳವಾರ, ಶನಿವಾರ ಬೆಳಿಗ್ಗೆ ಹ್ಯಾಂಡ್‌ಬ್ರೇಕ್ ಎಳೆದೇ ಕೀಲಿ ತಿರುಗಿಸುತ್ತೇನೆ. ಕೆಂಪು ದೀಪ ಹತ್ತುತ್ತದೆ. ಬಲ್ಬ್ ಇದೆ, ವೈರ್ ಇದೆ, ಸ್ವಾಮಿಯ ಕಣ್ಣು ತೆರೆದಿದೆ ಎಂದು ಕೈ ಮುಗಿಯುತ್ತೇನೆ. "ಆಯ್ತೇನ್ರೀ ನಿಮ್ಮ ಮಂಗಳಾರತಿ?" ಎಂದು ಹಿಂದಿನ ಸೀಟಿನಿಂದ ಗಿರಿಜ ಕೇಳುತ್ತಾಳೆ. ಆಗ ಹ್ಯಾಂಡ್‌ಬ್ರೇಕ್ ಇಳಿಸುತ್ತೇನೆ. ದೀಪ ತಾನಾಗಿ ಆರುತ್ತದೆ. ಆರಲಿ ಎಂದು ನಾನು ಈಗ ಬೇಡಿಕೊಳ್ಳುವುದಿಲ್ಲ. ಉರಿಯಬೇಕಾದ ದಿನ ತಪ್ಪದೆ ಉರಿ, ತಂದೆ, ಎನ್ನುತ್ತೇನೆ.