ಅವ್ವನ ಕಾಲಿಗಿಟ್ಟ ಬರ್ಫ

ಆ ವರ್ಷಗಳಲ್ಲಿ ನಮ್ಮವ್ವ ನಮ್ಮ ಕೈಗೆ ಸಿಗುತ್ತಿದ್ದುದು ಐತವಾರ ಮಾತ್ರ. ಉಳಿದ ದಿನ ಆಕಿ ಹಳ್ಳಿಖೇಡದ ಸುತ್ತಿನ ಊರುಗಳ ನರ್ಸಬಾಯಿ. ಹುಮನಾಬಾದದಿಂದ ಬೆಳಗಿನ ಬಸ್ಸು ಹಿಡಿದು, ಲಸಿಕೆಯ ನೀಲಿ ಡಬ್ಬಿ ಹೆಗಲಿಗೆ ಹಾಕಿಕೊಂಡು ಮನೆಮನೆ ತಿರುಗುವಾಕಿ. ಕಬ್ಬಿನ ಕಾಲದಲ್ಲಿ ಹೊಲದಾಗ ಗುಡಿಸಲು ಹಾಕಿದ ಕಬ್ಬು ಕಡಿಯುವವರ ಟೋಳಿಗಳೂ ಆಕಿಯ ಪಾಲಿಗೇ. ಒಬ್ಬಾಕಿ ಎಷ್ಟಂತ ನಡೆದಾಳು?

ನಾನಾಗ ಮೂರನೇ ಇಯತ್ತೆಯ ಹುಡುಗಿ. ಒಂದಿನ ಸಾಲಿ ಸೂಟಿ ಇತ್ತು, ಹಟ ಮಾಡಿ ಬೆನ್ನು ಹತ್ತಿದೆ. ಗಾಳಿಗೆಲ್ಲ ಸಕ್ಕರೆ ಕಾರ್ಖಾನೆಯ ಕಾಕಂಬಿ ವಾಸನೆ. ಟ್ರ್ಯಾಕ್ಟರಿನಿಂದ ಬಿದ್ದ ಕಬ್ಬು ಜಗಿಯುತ್ತ ನಾನು ಮುಂದೆ, ಕುಂಟುತ್ತ ಅವ್ವ ಹಿಂದೆ. ಮಧ್ಯಾಹ್ನ ಬೇವಿನ ಗಿಡದ ನೆರಳಿಗೆ ಕೂತು ರೊಟ್ಟಿ, ಶೇಂಗಾ ಹಿಂಡಿ ತಿಂದೆವು.

"ಇನ್ನೊಂದೇ ಟೋಳಿ ಉಳದದ. ಚೂರು ಅಡ್ಡಾಗ್ತೀನವ್ವ. ಐತವಾರ ಬಸವಕಲ್ಯಾಣಕ್ಕ ಹೋಗಿ ಈ ಕಾಲು ಡಾಕ್ಟರಿಗೆ ತೋರಸಬೇಕು," ಅಂದಳು.

ಅನ್ನುತ್ತಲೇ ನಿದ್ದೆ. ಬಾತ ಪಾದದೊಳಗೆ ಚಪ್ಪಲಿ ಪಟ್ಟಿ ಇಳಿದಿತ್ತು. ನನಗೆ ಜ್ವರ ಬಂದಾಗ ಆಕಿ ಹಣೆಗೆ ತಣ್ಣೀರ ಬಟ್ಟೆ ಇಡುತ್ತಿದ್ದಳಲ್ಲ! ಡಬ್ಬಿ ತೆರೆದು, ಔಷಧದ ಸುತ್ತ ಇದ್ದ ಬರ್ಫದ ಪ್ಯಾಕುಗಳನ್ನೆಲ್ಲ ತೆಗೆದು ಆ ಪಾದಗಳಿಗೆ ಒತ್ತಿಟ್ಟೆ. ನಿದ್ದೆಯಲ್ಲೇ "ಹಾ..." ಅಂದಳು. ಅಬ್ಬಾ, ನನ್ನ ಜಂಬವೇ!

ಆಕಿ ಎದ್ದಾಗ ಬರ್ಫ ನೀರಾಗಿತ್ತು, ಔಷಧ ಬೆಚ್ಚಗಾಗಿತ್ತು. ಅವ್ವ ಕೈ ಎತ್ತಿದಳು, ಹೊಡೆಯಲಿಲ್ಲ.

"ಯಾಕ ಹಿಂಗ ಮಾಡಿದೆವ್ವ? ಇದನ್ನ ಇನ್ನ ಕೂಸುಗಳಿಗೆ ಹಾಕಂಗಿಲ್ಲ."

"ನಿನ್ನ ಕಾಲು ನೋಯಾಕತ್ತಿದ್ವು."

"ಹೌದು. ಭಾಳ ಹಾಯ್ ಅನಸ್ತು," ಅಂದು ಅಳುತ್ತ ಕೂತಳು.

ದವಾಖಾನೆಯಲ್ಲಿ ಸಾಹೇಬರು ಎಲ್ಲರೆದುರು ಬೈದರು. ಅವ್ವ ನನ್ನ ಹೆಸರೆತ್ತಲಿಲ್ಲ. "ನಿದ್ದಿ ಹತ್ತಿತ್ರಿ, ತಪ್ಪಾತ್ರಿ," ಅಂದಳು. ಹೊಸ ಔಷಧ ಕೈಗೆ ಬರುವುದರೊಳಗೆ ಆ ಟೋಳಿ ಗಂಟು ಕಟ್ಟಿಕೊಂಡು ಬಸವಕಲ್ಯಾಣದ ಕಡೆ ಹೋಗಿಬಿಟ್ಟಿತ್ತು. ಐತವಾರ ಅವ್ವ ಬಸವಕಲ್ಯಾಣಕ್ಕೇನೋ ಹೋದಳು, ಡಾಕ್ಟರ ಹತ್ತಿರ ಅಲ್ಲ, ಆ ಕೂಸುಗಳನ್ನು ಹುಡುಕಲು. ಸಿಗಲಿಲ್ಲ. ಮುಂದಿನ ಐತವಾರ ಪೋಲಿಯೋ ಹನಿ, ಅದರ ಮುಂದಿನದು ಸರ್ವೆ. ಕಾಲು ತೋರಿಸುವುದು ಹಾಗೇ ಉಳಿಯಿತು.

ಈಗ ಆ ಡಬ್ಬಿ ಹೊರುವಾಕಿ ಬೇರೊಬ್ಬಳು, ಆಕಿಯೂ ಕುಂಟುತ್ತಾಳೆ. ನಮ್ಮ ಮನೆಯಲ್ಲಿ ಫ್ರಿಜ್ ಇದೆ, ಬೇಕಾದಷ್ಟು ಬರ್ಫ ಇದೆ. ಅವ್ವನಿಗೆ ಈಗ ಎಲ್ಲ ದಿನವೂ ಐತವಾರವೇ, ಆದರೆ ಸಕ್ಕರೆ ಕಾಯಿಲೆ ಆ ಕಾಲುಗಳ ಜೀವವನ್ನೇ ತಿಂದುಬಿಟ್ಟಿದೆ. ನಿನ್ನೆ ಬಿಸಿಲ ಹೊತ್ತಿಗೆ, ಇಡ್ತೀನಿ ಅಂತ ಹೇಳಿ ಬರ್ಫ ತಂದು ಪಾದಕ್ಕೆ ಹಿಡಿದು ಬಹಳ ಹೊತ್ತು ಕೂತಿದ್ದೆ. ಕಣ್ಣು ಮುಚ್ಚಿ ಮಲಗಿದ್ದ ಅವ್ವ ಕೇಳಿದಳು:

"ಬರ್ಫ ಇಡ್ತೀನಿ ಅಂದಿದ್ದ್ಯಲ್ಲವ್ವ, ಯಾವಾಗ ಇಡ್ತೀ?"