ದೋಣಿಯ ಮಗ್ಗುಲು ಬದಲಿಸುತ್ತಿದ್ದವರು

ಗಾಳಿ ಎಲ್ಲಿ ಸೋರುತ್ತಿದೆ ಎಂದು ನೋಡಲು ಪಂಕ್ಚರ್ ಹಾಕುವವರೆಲ್ಲ ಟ್ಯೂಬನ್ನು ನೀರಿಗೆ ಅದ್ದಿದರೆ, ಅವರು ಮೊದಲು ಎಡಗೆನ್ನೆಗೆ ಹಿಡಿಯುತ್ತಿದ್ದರು. ಕಣ್ಣು ಮುಚ್ಚಿ, ರಬ್ಬರಿನಿಂದ ಬೆರಳಷ್ಟು ದೂರದಲ್ಲಿ ಕೆನ್ನೆಯನ್ನು ನಿಧಾನಕ್ಕೆ ಸರಿಸುತ್ತ ಹೋಗಿ, ಒಂದು ಕಡೆ ನಿಂತು "ಇಲ್ಲೈತೆ" ಅನ್ನುತ್ತಿದ್ದರು. ಆಮೇಲೆ ನೀರಿಗೆ ಅದ್ದಿದರೆ ಗುಳ್ಳೆ ಅಲ್ಲಿಂದಲೇ ಏಳುತ್ತಿತ್ತು. ಬಲಗೆನ್ನೆಯ ಮೇಲೆ ನಾಲ್ಕು ದಿನದ ಬಿಳಿಗಡ್ಡ ಇದ್ದರೂ ಎಡಗೆನ್ನೆ ಮಾತ್ರ ದಿನವೂ ನುಣ್ಣಗೆ ಬೋಳಿಸಿರುತ್ತಿತ್ತು. ಮೊದಲ ಸಲ ನೋಡಿದಾಗ ನನಗೆ ನಗು ತಡೆಯಲಾಗಲಿಲ್ಲ. "ನಗ್ರಿ ಅಮ್ಮಾರೆ, ಇದು ನನ್ ಅಂಗಡಿ ಮಿಷನ್ನು" ಎಂದು ಕೆನ್ನೆ ತಟ್ಟಿಕೊಂಡಿದ್ದರು.

ಹಿರಿಯೂರಿನಿಂದ ಮಾರಿಕಣಿವೆಗೆ ಹೋಗುವ ರಸ್ತೆಯ ಪಕ್ಕ ಅವರ ಪಂಕ್ಚರ್ ಅಂಗಡಿ, ಅದರ ಹಿಂದೆಯೇ ಮನೆ. ಕುರಿ ಕಾಯುವ ಮನೆತನ. ಅಣ್ಣತಮ್ಮಂದಿರು ಮಂದೆ ಹೊಡೆದುಕೊಂಡು ಊರೂರು ಅಲೆಯುತ್ತಿದ್ದರೆ ಇವರೊಬ್ಬರು ಕೂತ ಕಡೆ ಕೂತಿದ್ದರು. "ಕುರಿ ಹಿಂದೆ ನಾವು ಹೋಗ್ಬೇಕು. ಇಲ್ಲಿ ಆದ್ರೆ ಗಾಲಿಗಳೇ ನನ್ ಹತ್ರ ಬರ್ತವೆ" ಎಂಬುದು ಅವರ ಸಮರ್ಥನೆ.

ನಾವು ದುರ್ಗದವರು. ನನ್ನ ಗಂಡ ಕಾಲೇಜೊಂದರ ಪ್ರಯೋಗಾಲಯದಲ್ಲಿ ಸಹಾಯಕರಾಗಿದ್ದರು. ಮಾರಿಕಣಿವೆ ಜಲಾಶಯಕ್ಕೆ ಹೊಸ ನೀರು ಬಂದ ವರ್ಷ ನೀರು ನೋಡಲು ಹೋದವರು ಮೀನು ಹಿಡಿಯುವ ಹುಚ್ಚು ಹತ್ತಿಸಿಕೊಂಡು ಬಂದರು. ಪರಿಚಯದವರೊಬ್ಬರಿಂದ ಹಳೆಯ ರಬ್ಬರ್ ದೋಣಿಯೊಂದನ್ನು ಮನೆಗೆ ತಂದೇಬಿಟ್ಟರು: ಗಾಳಿ ತುಂಬುವ ಎರಡು ಉದ್ದನೆಯ ಕೊಳವೆ, ಅವುಗಳ ನಡುವೆ ಕಬ್ಬಿಣದ ಚೌಕಟ್ಟು, ಮೇಲೊಂದು ಕುರ್ಚಿ, ಎರಡು ಹುಟ್ಟು. ಬಟ್ಟೆ ಒಣಹಾಕಲು ಜಾಗವಿಲ್ಲದ ಬಾಡಿಗೆ ಮನೆಗೆ ದೋಣಿ! ನಾನು ಎರಡು ದಿನ ಮಾತು ಬಿಟ್ಟಿದ್ದೆ.

ನನ್ನವರಿಗೆ ಉಬ್ಬಸ. ಚಳಿಗಾಲದಲ್ಲಿ ನೀರಿನ ಮೇಲಿನ ಥಂಡಿ ಆಗುತ್ತಿರಲಿಲ್ಲ. ಹಾಗಾಗಿ ದೀಪಾವಳಿ ಕಳೆದ ಮೇಲೆ ಶಿವರಾತ್ರಿಯವರೆಗೆ ದೋಣಿಯನ್ನು ಎತ್ತಿಡಬೇಕಿತ್ತು. ಮೊದಲ ವರ್ಷ ಮಡಿಚಿ ಮಂಚದ ಕೆಳಗೆ ತುರುಕಿದೆವು. ಶಿವರಾತ್ರಿಗೆ ಬಿಚ್ಚಿದರೆ ಬೂಷ್ಟು ಹಿಡಿದು ಅಂಟಿಕೊಂಡಿತ್ತು, ಇಲಿ ಬೇರೆ ಕಡಿದಿತ್ತು. ಅದನ್ನು ಹೊತ್ತುಕೊಂಡು ಪಂಕ್ಚರ್ ಅಂಗಡಿಗೆ ಹೋದಾಗಲೇ ಅವರ ಪರಿಚಯವಾದದ್ದು. ಕೆನ್ನೆ ಹಿಡಿದು ಒಂದೊಂದೇ ತೂತು ಹುಡುಕಿ ತೇಪೆ ಹಾಕಿದರು. ಕೊನೆಗೆ ನಮ್ಮಿಬ್ಬರನ್ನೂ ಮೇಲಿಂದ ಕೆಳಗೆ ನೋಡಿ, "ಇದನ್ನ ಮನಿಗೆ ಒಯ್ಯಬ್ಯಾಡ್ರಿ. ಚಳಿಗಾಲ ನನ್ ಹತ್ರ ಇರ್ಲಿ" ಎಂದರು.

ಅಲ್ಲಿಂದ ಪ್ರತಿ ಕಾರ್ತಿಕದಲ್ಲೂ ದೋಣಿಯನ್ನು ಮಲಗಿಸುವ ದಿನ ಎಂದರೆ ನಮ್ಮ ಮನೆಯಲ್ಲಿ ಹಬ್ಬದಂತೆಯೇ. ನಾನು ಶೇಂಗಾ ಚಟ್ನಿಪುಡಿಯ ಡಬ್ಬಿ ಹಿಡಿದು ಹೊರಡುತ್ತಿದ್ದೆ. ಅವರು ಸಿಹಿನೀರಿನಲ್ಲಿ ದೋಣಿ ತೊಳೆದು, ಹೊಂಗೆಮರದ ನೆರಳಿನಲ್ಲಿ ಇಡೀ ದಿನ ಆರಿಸುತ್ತಿದ್ದರು. ಬಿಸಿಲು ಕೂಡದು. ಕೊಳವೆಯ ಅಂಚುಗಳಿಗೆ ಹಳೆಯ ಪಂಚೆ ಒತ್ತಿ, ಒಂದು ಹನಿ ಉಳಿದಿಲ್ಲವೆಂದು ಖಾತ್ರಿಯಾದ ಮೇಲೆ ಮೈತುಂಬ ಮುಖದ ಪೌಡರು ಸವರಿ, ಮಡಿಚದೆ ಚಾಪೆಯಂತೆ ಸುತ್ತಿ, ಕರಿಕಂಬಳಿಯಲ್ಲಿ ಕಟ್ಟಿ, ಇಲಿಗೆ ಎಟುಕದಂತೆ ಹಗ್ಗದಲ್ಲಿ ತೂಗುಬಿಟ್ಟ ಹಲಗೆಯ ಮೇಲೆ ಇಡುತ್ತಿದ್ದರು. ನಾನು ಬೆಂಚಿನ ಮೇಲೆ ಕೂತು ನೋಡುತ್ತ, ನನ್ನ ಮದುವೆ ಸೀರೆಗೂ ಇಷ್ಟು ಉಪಚಾರ ಸಿಕ್ಕಿಲ್ಲ ಎಂದು ಗಂಡನನ್ನು ಚುಚ್ಚುತ್ತಿದ್ದೆ.

ಅಷ್ಟಕ್ಕೇ ಮುಗಿಯುತ್ತಿರಲಿಲ್ಲ. ಪ್ರತಿ ಅಮಾವಾಸ್ಯೆಗೂ ಅವರ ಅಂಗಡಿಗೆ ರಜಾ. ಆ ದಿನ ಪೂಜೆ ಮುಗಿಸಿ ದೋಣಿಯನ್ನು ಇಳಿಸಿ, ಬಿಚ್ಚಿ, ಒಂದೇ ಕಡೆ ಗೆರೆ ಬೀಳಬಾರದೆಂದು ಇನ್ನೊಂದು ದಿಕ್ಕಿನಿಂದ ಸುತ್ತಿಡುತ್ತಿದ್ದರು. ನನ್ನವರು ಕೆಲಸದ ಹೊತ್ತಿನಲ್ಲಿ ಫೋನ್ ಎತ್ತುತ್ತಿರಲಿಲ್ಲವಾದ್ದರಿಂದ ನನಗೇ ಫೋನು. "ಅಮ್ಮಾರೆ, ದೋಣಿ ಮಗ್ಗುಲು ಬದಲಾಯ್ಸಿದೀನಿ. ಆರಾಮೈತೆ. ಸಾರ್‌ಗೆ ಹೇಳ್ರಿ." ಆಸ್ಪತ್ರೆಯಲ್ಲಿರುವ ನೆಂಟರ ಸುದ್ದಿ ಹೇಳುವ ಧಾಟಿ.

ನಾಲ್ಕನೆಯ ಚಳಿಗಾಲದಲ್ಲಿ, ದೋಣಿ ಹಲಗೆಯ ಮೇಲಿದ್ದಾಗಲೇ, ನನ್ನ ಗಂಡ ತೀರಿಕೊಂಡರು. ಬೆಳಿಗ್ಗೆ ಹಲ್ಲುಜ್ಜುತ್ತಿದ್ದವರು ಎದೆ ಹಿಡಿದುಕೊಂಡು ಕೂತರು, ಏಳಲಿಲ್ಲ. ನೆಂಟರಿಗೆಲ್ಲ ಸುದ್ದಿ ಹೋಯಿತು. ಮಾರಿಕಣಿವೆ ರಸ್ತೆಯಲ್ಲೊಬ್ಬರಿಗೆ ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ, ನನಗೂ.

ಕಾರ್ಯಗಳೆಲ್ಲ ಮುಗಿದು ಮನೆ ಖಾಲಿಯಾದ ಮೇಲೆ ಅಮಾವಾಸ್ಯೆ ಬಂತು. ಫೋನ್ ಬಡಿದುಕೊಂಡಿತು. "ಅಮ್ಮಾರೆ, ಮಗ್ಗುಲು ಬದಲಾಯ್ಸಿದೀನಿ. ಸಾರ್ ಮನೇಲವ್ರಾ?"

"ಸ್ನಾನಕ್ಕೆ ಹೋಗಿದ್ದಾರೆ" ಎಂದೆ.

ಯಾಕೆ ಹಾಗೆಂದೆ ಎಂದು ಕೇಳಿದರೆ ಇಷ್ಟು ಹೇಳಬಲ್ಲೆ. ಆ ದಿನಗಳಲ್ಲಿ ನನ್ನ ಜೊತೆ ಮಾತಾಡುವ ಎಲ್ಲರ ದನಿಯೂ ಇಳಿದುಹೋಗಿತ್ತು. ಹಾಲಿನವನೂ ಪಿಸುಗುಡುತ್ತಿದ್ದ. ಇವರದೊಂದೇ ದನಿ ಹಿಂದಿನಂತಿತ್ತು. ಈ ಭೂಮಿಯ ಮೇಲೆ ನನ್ನ ಗಂಡ ಇನ್ನೂ ಬದುಕಿದ್ದಾರೆಂದು ತಿಳಿದಿದ್ದವರು ಇವರೊಬ್ಬರೇ. ಅದನ್ನು ನನ್ನ ಕೈಯಾರೆ ಕಳೆಯಲು ಮನಸ್ಸು ಬರಲಿಲ್ಲ.

ಶಿವರಾತ್ರಿಗೆ "ದೋಣಿ ಎಬ್ಬಿಸ್ಲಾ?" ಎಂದು ಕೇಳಿದರು. ದೂರಕ್ಕೆ ವರ್ಗವಾಗಿದೆ, ಈ ವರ್ಷ ಆಗುವುದಿಲ್ಲವಂತೆ ಎಂದೆ. ಮರುವರ್ಷವೂ ಅದನ್ನೇ ಹೇಳಿದೆ. ದೋಣಿ ಬೇಸಿಗೆಯಲ್ಲೂ ಮಲಗಿಯೇ ಇತ್ತು, ಅವರು ಹನ್ನೆರಡು ತಿಂಗಳೂ ಮಗ್ಗುಲು ಬದಲಿಸಿದರು. ಫೋನ್ ಇಡುವ ಮುಂಚೆ ಈಗ ಒಂದು ಮಾತು ಹೆಚ್ಚಾಗಿತ್ತು: "ಸಾರ್ ಏನಾರ ಅಂದ್ರಾ?" ಮೆಚ್ಚುಗೆಯ ಮಾತು ಬೇಕೇನೋ ಎಂದುಕೊಂಡು, "ಚೆನ್ನಾಗಿ ನೋಡಿಕೊಳ್ತಿದ್ದೀರಿ ಅಂದ್ರು" ಎನ್ನುತ್ತಿದ್ದೆ. "ಹಂಗಂದ್ರಾ" ಎಂದು ಫೋನ್ ಇಡುತ್ತಿದ್ದರು. ಫೋನ್ ಇಟ್ಟ ಮೇಲೆ ಆ ಒಂದು ದಿನ ನನಗೆ ಅನ್ನ ಸೇರುತ್ತಿತ್ತು. ಹೀಗೆ ಮೂರು ವರ್ಷ.

ಈ ಸಲದ ಕಾರ್ತಿಕ ಅಮಾವಾಸ್ಯೆಗೆ ಫೋನ್ ಬರಲಿಲ್ಲ. ನಾನು ಮಾಡಿದರೆ ಯಾರೂ ಎತ್ತಲಿಲ್ಲ. ಮೂರನೆಯ ದಿನ ಬಸ್ ಹತ್ತಿದೆ.

ಅಂಗಡಿಯ ಬಾಗಿಲು ಮುಚ್ಚಿತ್ತು. ಹಿಂದಿನ ಮನೆಯ ಜಗಲಿಯಲ್ಲಿ ಅವರ ಹೆಂಡತಿ ಕೂತಿದ್ದರು. ಬರಿಯ ಹಣೆ ನೋಡಿದ ಕೂಡಲೇ ನನಗೆ ತಿಳಿಯಿತು. ಎರಡು ತಿಂಗಳಿಂದ ಹಾಸಿಗೆ ಹಿಡಿದಿದ್ದರಂತೆ. ಫೋನಿನಲ್ಲಿ ಒಂದು ದಿನವೂ ಹೇಳಿರಲಿಲ್ಲ. ಹಿಂದಿನ ಅಮಾವಾಸ್ಯೆಗೆ ಮಲಗಿದಲ್ಲಿಂದಲೇ ಹೇಳಿಕೊಟ್ಟು ಹೆಂಡತಿಯ ಕೈಯಿಂದ ದೋಣಿ ಸುತ್ತಿಸಿದ್ದರಂತೆ. ಹೋಗಿ ಹದಿನೇಳು ದಿನವಾಗಿತ್ತು.

ಆಕೆ ನನ್ನ ಹಿಂದೆ ರಸ್ತೆಯ ಕಡೆ ನೋಡಿದರು.

"ಸಾರ್ ಬರ್ಲಿಲ್ವ್ರಾ?"

ನಾನು ತಂದಿದ್ದ ಚಟ್ನಿಪುಡಿಯ ಡಬ್ಬಿಯನ್ನು ಜಗಲಿಯ ಮೇಲಿಟ್ಟೆ.

"ಇನ್ನೂ ಸಿಟ್ಟು ಹೋಗಿಲ್ವಾ ಅವ್ರಿಗೆ?" ಎಂದರು.

ಯಾವ ಸಿಟ್ಟು? ಆಕೆಯೇ ಹೇಳಿದರು. ಕೊನೆಯ ಸಲ ದೋಣಿ ಮಲಗಿಸುವ ದಿನ ನನ್ನವರು ಅವಸರ ಮಾಡಿ, ಅಂಚು ಒದ್ದೆ ಇರುವಾಗಲೇ ಸುತ್ತಲು ಕೈ ಹಾಕಿದರಂತೆ. ಇವರು ರೇಗಿ, "ನಿಮ್ ಕೈಗ್ ಕೊಟ್ರೆ ಕೊಳೆಸ್ತೀರಿ, ದೂರ ಕುಂತ್ಕಳ್ರಿ" ಎಂದುಬಿಟ್ಟರಂತೆ. "ಓದಿದೋರಿಗೆ ಹಂಗನ್ನಬಾರದಿತ್ತು, ಅದಕ್ಕೇ ಸಾರ್ ಈ ಕಡೆ ತಲೆ ಹಾಕ್ತಿಲ್ಲ ಅಂತ ಕೊರಗಿದ್ರು ಅಮ್ಮಾರೆ. ನಿಮಗೆ ಫೋನ್ ಮಾಡಿದ್ ದಿನ ಅರ್ಧ ತಾಸು ಹಂಗೇ ಕುಂತಿರ್ತಿದ್ರು. ಇವತ್ತೂ ಸಾರ್ ಫೋನಿಗೆ ಬರ್ಲಿಲ್ಲ ಕಣೇ ಅನ್ನೋರು."

ಆ ದಿನ ನಾನು ಅಲ್ಲೇ ಬೆಂಚಿನ ಮೇಲಿದ್ದೆ. ಆ ಮಾತು ನನ್ನ ಕಿವಿಗೂ ಬಿದ್ದಿತ್ತು. ನನ್ನ ಗಂಡ ಎರಡೂ ಕೈ ಮೇಲೆತ್ತಿ, ನಗುತ್ತ ಬಂದು ನನ್ನ ಪಕ್ಕ ಕೂತಿದ್ದರು. ದಾರಿಯುದ್ದಕ್ಕೂ ಬಸ್ಸಿನಲ್ಲಿ ನಕ್ಕಿದ್ದರು. ಇದನ್ನು ಹೇಳಲು ನನ್ನ ಬಳಿ ಮೂರು ವರ್ಷದ ಅಮಾವಾಸ್ಯೆಗಳಿದ್ದವು.

"ಅವರು ತೀರಿಕೊಂಡು ಮೂರು ವರ್ಷವಾಯಿತು" ಎಂದೆ. ನನ್ನ ಬಾಯಿಂದ ಆ ಮಾತು ಅಷ್ಟು ನೇರವಾಗಿ ಬಂದದ್ದು ಅದೇ ಮೊದಲು.

ಆಕೆ ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತೇನೋ. ನನ್ನ ಮುಖವನ್ನೇ ನೋಡುತ್ತ, "ಅಯ್ಯೋ, ಸಾರ್..." ಎಂದು ಸೆರಗು ಬಾಯಿಗೆ ಒತ್ತಿಕೊಂಡು ಅತ್ತರು. ಎಷ್ಟೋ ಹೊತ್ತಾದ ಮೇಲೆ ನನ್ನ ಕೈ ಹಿಡಿದು ಒಳಗೆ ಕರೆದೊಯ್ದು, ಗೋಡೆಯ ಮೇಲಿನ ಫೋಟೋದ ಎದುರು ನಿಲ್ಲಿಸಿದರು.

"ನನಗಲ್ಲ ಅಮ್ಮಾರೆ. ಅವ್ರಿಗೆ ಹೇಳ್ರಿ."

"ಸಾರ್‌ಗೆ ನಿಮ್ಮ ಮೇಲೆ ಸಿಟ್ಟಿರಲಿಲ್ಲ" ಎಂದೆ.

"ಜೋರಾಗಿ ಹೇಳ್ರಿ" ಎಂದರು ಆಕೆ.